ಕೃಷಿ ಹೊಂಡದ ನೀರು ಇಳಿಯುತ್ತಿದೆಯೇ? ಕೋಲು, ಬಕೆಟ್ಟು ಹಿಡಿದು ಹುಡುಕುವ ಕ್ರಮ

ಚಿತ್ತೆ ಮಳೆಗೆ ಕೋಡಿ ಬಿದ್ದಿದ್ದ ನಮ್ಮ ಹೊಂಡ ದೀಪಾವಳಿ ಕಳೆದು ವಾರವಾಗುವಷ್ಟರಲ್ಲಿ 2 ಅಡಿ ಇಳಿದಿತ್ತು. ಆ ನಡುವೆ ನಾನು ಪಂಪು ಹಚ್ಚಿದ್ದು ಒಂದೇ ಸಲ, ಅದೂ ಕಾಲು ಗಂಟೆ. ಹೊಂಡ ಸೋರಿದರೆ ಊರಿನಲ್ಲಿ ಸಲಹೆಗೆ ಬರವಿಲ್ಲ. “ಹಾಳೆಯೇ ಕಳಪೆ, ಬದಲಾಯಿಸಿಬಿಡು ಅಣ್ಣ” ಎಂದ ತಮ್ಮ. ತಳದ ಬಂಡೆಯಲ್ಲಿ ಬಿರುಕಿದೆ ಎಂದರು ಪಕ್ಕದ ಜಮೀನಿನ ಹಿರಿಯರು. ಜೆಸಿಬಿ ಚಾಲಕ ಮಾತ್ರ, “ಇನ್ನೊಂದು ಮೀಟರ್ ಆಳ ತೆಗೆಯೋಣ ಸ್ವಾಮಿ” ಎಂದ. ಸೋರುವ ಕೊಡವನ್ನು ದೊಡ್ಡದು ಮಾಡಿದರೆ ಸೋರುವುದು ನಿಲ್ಲುತ್ತದೆ ಎಂಬ ಅವನ ತರ್ಕಕ್ಕೆ ಗಂಟೆಯ ಲೆಕ್ಕದಲ್ಲಿ ಬಾಡಿಗೆ ಬೇರೆ.

ನಮ್ಮದು ಶಿರಾ ತಾಲ್ಲೂಕಿನ ಕೆಂಪು ಮಣ್ಣು. ನಾಲ್ಕು ಅಡಿ ಕೆಳಗೆ ಗರಸು. ಹೊಂಡ ಮೇಲ್ಗಡೆ 18 ಮೀಟರ್ ಉದ್ದ, 18 ಮೀಟರ್ ಅಗಲ, 3 ಮೀಟರ್ ಆಳ. ಒಂದಕ್ಕೆ ಒಂದರ ಇಳಿಜಾರು (ಒಂದಡಿ ಕೆಳಗಿಳಿದರೆ ಒಂದಡಿ ಒಳಕ್ಕೆ), ಒಳಗೆ 500 ಮೈಕ್ರಾನ್ ದಪ್ಪದ ಪಾಲಿಥೀನ್ ಹಾಳೆ. ತುಂಬಿದಾಗ 6.84 ಲಕ್ಷ ಲೀಟರ್. ದಡದ ಕಾಂಕ್ರೀಟ್ ಕಟ್ಟೆಯ ಮೇಲೆ 5 ಅಶ್ವಶಕ್ತಿಯ ಡೀಸೆಲ್ ಎಂಜಿನ್, ಅದಕ್ಕೆ ಜೋಡಿಸಿದ ಪಂಪು. 2014-15ರಲ್ಲಿ ಕೃಷಿ ಭಾಗ್ಯ ಯೋಜನೆ ಬಂದ ಮೇಲೆ ಬಯಲುಸೀಮೆಯ ಬಹಳಷ್ಟು ಜಮೀನುಗಳಲ್ಲಿ ಕಾಣುವ ಜೋಡಿ ಇದೇ. ಆದ್ದರಿಂದ ನನ್ನ ಹೊಂಡದ ಕಾಯಿಲೆ ನಿಮ್ಮದಕ್ಕೂ ಬರಬಹುದು. ನಾನು ಎರಡು ವರ್ಷ, ಎರಡು ಸಲ, ಅರ್ಧರ್ಧ ಹೊಂಡ ನೀರು ಕಳೆದುಕೊಂಡು ಕಲಿತ ಕ್ರಮ ಇದು. ನಾನು ಎಡವಿದ ಜಾಗಗಳನ್ನೂ ಹಾಗೆಯೇ ಬರೆದಿದ್ದೇನೆ.

ಕೋಲು ಮತ್ತು ಬಕೆಟ್ಟು

ನೀರು ಕಡಿಮೆಯಾದದ್ದೆಲ್ಲ ಸೋರಿಕೆಯಲ್ಲ. ಬಿಸಿಲು ತನ್ನ ಪಾಲನ್ನು ದಿನವೂ ತೆಗೆದುಕೊಳ್ಳುತ್ತದೆ. ಮೋಡದ ದಿನಗಳಲ್ಲಿ ಮೂರು ನಾಲ್ಕು ಮಿಲಿಮೀಟರ್, ಮಾರ್ಚ್ ಏಪ್ರಿಲ್‌ನ ಗಾಳಿ ಬಿಸಿಲಿಗೆ ಏಳೆಂಟು ಮಿಲಿಮೀಟರ್ ಆವಿಯಾಗುವುದು ನಮ್ಮ ಕಡೆ ಸಹಜ. ದಿನಕ್ಕೆ 5 ಮಿಲಿಮೀಟರ್ ಎಂದು ಹಿಡಿದರೂ ನಾಲ್ಕು ತಿಂಗಳಿಗೆ 60 ಸೆಂಟಿಮೀಟರ್, ಅಂದರೆ 2 ಅಡಿ. ಅಷ್ಟನ್ನು ಯಾರೂ ಕದ್ದಿಲ್ಲ, ಎಲ್ಲಿಯೂ ತೂತಿಲ್ಲ. ನಾಲ್ಕು ತಿಂಗಳಲ್ಲಿ ಹೋಗಬೇಕಾದದ್ದು ಹದಿನೈದೇ ದಿನದಲ್ಲಿ ಹೋದರೆ ಮಾತ್ರ ಅನುಮಾನ ಪಡಬೇಕು.

ಅನುಮಾನವನ್ನು ಅಳತೆಗೆ ತರಲು ಒಂದು ಕೋಲು, ಒಂದು ಬಕೆಟ್ಟು ಸಾಕು. ಕೋಲಿಗೆ ಬಣ್ಣದಲ್ಲಿ ಸೆಂಟಿಮೀಟರ್ ಗೆರೆ ಎಳೆದು, ಬುಡವನ್ನು ಸಿಮೆಂಟು ತುಂಬಿದ ಎಣ್ಣೆ ಡಬ್ಬಿಯಲ್ಲಿ ನಿಲ್ಲಿಸಿ, ಡಬ್ಬಿಯ ಕೆಳಗೆ ಗೋಣಿಚೀಲ ಮಡಿಸಿಟ್ಟು ಹೊಂಡದ ಅಂಚಿನಲ್ಲಿ ಇಳಿಬಿಡಿ. ಕೋಲನ್ನು ಹಾಳೆಯೊಳಗೆ ಚುಚ್ಚಿ ನಿಲ್ಲಿಸಬೇಡಿ. ನಗಬೇಡಿ, ಹಾಗೆ ಮಾಡಿದವರನ್ನು ನಾನು ನೋಡಿದ್ದೇನೆ.

ಬಕೆಟ್ಟಿನೊಳಗೆ ಎರಡು ನುಣ್ಣನೆಯ ಕಲ್ಲು ಹಾಕಿ, ಅಂಚಿನ ಬಳಿ ಅರ್ಧ ಮುಳುಗುವಂತೆ ಹಗ್ಗದಲ್ಲಿ ಕಟ್ಟಿ ನಿಲ್ಲಿಸಿ. ಹೊರಗಿನ ನೀರು ಎಷ್ಟು ಎತ್ತರಕ್ಕಿದೆಯೋ ಒಳಗೂ ಅಷ್ಟೇ ಎತ್ತರಕ್ಕೆ ಹೊಂಡದ ನೀರನ್ನೇ ತುಂಬಿ. ಬಕೆಟ್ಟು ಹೊಂಡದಲ್ಲಿಯೇ ಇರಬೇಕು. ದಡದ ಮೇಲಿಟ್ಟರೆ ಬಿಸಿಲಿಗೆ ಬೇಗ ಕಾದು ಸುಳ್ಳು ಲೆಕ್ಕ ಕೊಡುತ್ತದೆ. ಮಳೆಯಿಲ್ಲದ, ಪಂಪು ಹಚ್ಚದ 24 ಗಂಟೆ ಬಿಟ್ಟು ಎರಡನ್ನೂ ಅಳೆಯಿರಿ. ಬಕೆಟ್ಟಿನಲ್ಲಿ ಇಳಿದದ್ದು ಬಿಸಿಲಿನ ಪಾಲು. ಹೊಂಡದಲ್ಲಿ ಅದಕ್ಕಿಂತ ಹೆಚ್ಚು ಇಳಿದಿದ್ದರೆ ಆ ಹೆಚ್ಚಿನದು ಸೋರಿಕೆ.

ನನ್ನ ಬಕೆಟ್ಟಿನಲ್ಲಿ 4 ಮಿಲಿಮೀಟರ್ ಇಳಿದಿತ್ತು, ಹೊಂಡದಲ್ಲಿ 38. ಆ ಹೊತ್ತಿಗೆ ನೀರಿನ ಮೇಲ್ಮೈ ಸುಮಾರು 282 ಚದರ ಮೀಟರ್. ಒಂದು ಚದರ ಮೀಟರಿನ ಮೇಲೆ ಒಂದು ಮಿಲಿಮೀಟರ್ ಎಂದರೆ ಒಂದು ಲೀಟರ್. 34ರಿಂದ ಗುಣಿಸಿದರೆ ದಿನಕ್ಕೆ 9,600 ಲೀಟರ್ ಹತ್ತಿರ. ಒಂದು ದೊಡ್ಡ ಟ್ಯಾಂಕರ್ ನೀರು ಪ್ರತಿ ದಿನ ಭೂಮಿಯೊಳಗೆ ಇಳಿಯುತ್ತಿತ್ತು.

ನೀರು ಎಲ್ಲಿ ನಿಂತಿತು ಎಂಬುದೇ ಉತ್ತರ

ಇಲ್ಲಿಂದ ಮುಂದೆ ಬೇಕಾದದ್ದು ತಾಳ್ಮೆ. ಸೋರುವುದು ಖಚಿತವಾದ ಮೇಲೂ ಕೆಲವು ದಿನ ಸುಮ್ಮನಿದ್ದು ಕೋಲನ್ನು ಓದಬೇಕು. ನೀರು ಹೋಗುವುದನ್ನು ನೋಡುತ್ತ ಕೂರುವುದು ಹೊಟ್ಟೆ ಉರಿಯುವ ಕೆಲಸ. ಆದರೆ ತೂತು ಯಾವ ಎತ್ತರದಲ್ಲಿದೆ ಎಂದು ನೀರೇ ತೋರಿಸುವಾಗ 400 ಚದರ ಮೀಟರಿನಷ್ಟು ಹಾಳೆಯನ್ನು ಕೈಯಲ್ಲಿ ತಡವುವುದು ವ್ಯರ್ಥ.

ನನ್ನ ಕೋಲಿನ ಲೆಕ್ಕ ದಿನಕ್ಕೆ 38 ಇದ್ದದ್ದು 30ಕ್ಕೆ, 20ಕ್ಕೆ, ಆಮೇಲೆ 11ಕ್ಕೆ ಬಂತು. ಕೊನೆಗೆ ಬಕೆಟ್ಟೂ ಹೊಂಡವೂ ಒಂದೇ ಅಳತೆಯಲ್ಲಿ ಇಳಿಯತೊಡಗಿದವು. ಕೋಡಿಯ ಮಟ್ಟದಿಂದ ಸರಿಯಾಗಿ 4 ಅಡಿ ಕೆಳಗೆ ನೀರು ನಿಂತಿತ್ತು. ಹೀಗೆ ಇಳಿದು ಒಂದು ಮಟ್ಟಕ್ಕೆ ಬಂದು ನಿಂತರೆ ತೂತು ಆ ನೀರಿನ ಗೆರೆಯ ಮೇಲೆಯೇ, ಅಥವಾ ನಾಲ್ಕು ಬೆರಳು ಮೇಲೆ ಇದೆ ಎಂದು ತಿಳಿಯಿರಿ. ತಳದ ಮಾತೇ ಇಲ್ಲ. ಹಿರಿಯರ ಬಂಡೆಯ ಬಿರುಕು ಅಲ್ಲಿಗೆ ಮುಚ್ಚಿತು.

ನಿಲ್ಲದೆ ಕೊನೆಯವರೆಗೂ ಇಳಿದರೆ ತಳದಲ್ಲಿ, ಇಲ್ಲವೇ ತಳ ಮತ್ತು ಗೋಡೆ ಕೂಡುವ ಬೆಸುಗೆಯಲ್ಲಿ ದೋಷ. ತುಂಬಿದ ವಾರ ಮಾತ್ರ ಒಂದಡಿ ರಭಸವಾಗಿ ಇಳಿದು ಆಮೇಲೆ ಸರಿಯಾದರೆ ನೀರು ಒಳಬರುವ ಬಾಯಿ, ಕೋಡಿಯ ಪೈಪು, ಏರಿಯಲ್ಲಿ ಹೆಗ್ಗಣ ತೋಡಿದ ಬಿಲ, ಇವನ್ನು ನೋಡಿ. ಪಂಪು ಹಚ್ಚಿದ ದಿನ ಮಾತ್ರ ಲೆಕ್ಕ ತಪ್ಪಿದರೆ ಹೊಂಡವನ್ನು ಬಿಟ್ಟು ಪೈಪಿನ ಸಾಲನ್ನು ಹುಡುಕಿ.

4 ಅಡಿ ಇಳಿದರೆ 10 ಅಡಿಯಲ್ಲಿ ಇನ್ನೂ 6 ಅಡಿ ಉಳಿಯಿತಲ್ಲ ಎಂದು ಸಮಾಧಾನ ಪಟ್ಟುಕೊಳ್ಳಬೇಡಿ. ಹೊಂಡ ಬಾಣಲೆಯ ಹಾಗೆ, ಮೇಲೆ ಅಗಲ, ಕೆಳಗೆ ಕಿರಿದು. ನನ್ನಲ್ಲಿ ಉಳಿದದ್ದು 3.45 ಲಕ್ಷ ಲೀಟರ್. ನಾಲ್ಕೇ ಅಡಿಗೆ ಅರ್ಧ ಹೊಂಡ ಖಾಲಿ.

ತೂತು ಹುಡುಕುವಾಗ ನಾನು ಮಾಡಿದ ತಪ್ಪು

ನೀರಿನ ಗೆರೆಯುದ್ದಕ್ಕೂ ಹುಡುಕುತ್ತ ಹೊರಟೆ. ಇಳಿಜಾರಿನಲ್ಲಿ ಇಳಿಯುವವರು ಬರಿಗಾಲಿನಲ್ಲಿ, ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ಇಳಿಯಬೇಕು. ಹಗ್ಗದ ತುದಿ ದಡದಲ್ಲಿ ಒಬ್ಬರ ಕೈಯಲ್ಲಿರಬೇಕು, ಇನ್ನೊಂದು ಸುತ್ತು ಗಟ್ಟಿ ಗೂಟಕ್ಕೆ. ಒದ್ದೆ ಹಾಳೆ ಪಾಚಿಗಟ್ಟಿದ ಮೆಟ್ಟಿಲಿಗಿಂತ ಜಾರುತ್ತದೆ. ಈಜು ಬಲ್ಲವರೂ ಕೃಷಿ ಹೊಂಡದಲ್ಲಿ ಮುಳುಗಿ ಸಾಯುವುದು ಈಜಲಾಗದೆ ಅಲ್ಲ, ಮೇಲೆ ಹತ್ತಲು ಹಿಡಿತ ಸಿಗದೆ. ಹೊಂಡದ ಸುತ್ತ ಬೇಲಿ, ಬೇಲಿಗೊಂದು ಬೀಗ, ನಾಲ್ಕೂ ಬದಿಯಲ್ಲಿ ಗಂಟು ಹಾಕಿದ ದಪ್ಪ ಹಗ್ಗ ನೀರಿನವರೆಗೆ ಇಳಿಬಿಟ್ಟಿರುವುದು, ಇಷ್ಟಿಲ್ಲದ ಹೊಂಡದಲ್ಲಿ ಬೇರೆ ದೋಷ ಹುಡುಕುವ ಅಗತ್ಯವೇ ಇಲ್ಲ. ಮೊದಲ ದೋಷ ಅದೇ.

ತೂತು ಅರ್ಧ ಗಂಟೆಯಲ್ಲಿ ಸಿಕ್ಕಿತು. ಪೂರ್ವದ ಇಳಿಜಾರಿನಲ್ಲಿ ಎರಡು ಬೆರಳು ತೂರುವಷ್ಟು ಸೀಳು. ಅಂಚು ನಯವಾಗಿ ಸವೆದು ತೆಳ್ಳಗಾಗಿತ್ತು. ಹರಿದ ಹಾಗೆ ಇರಲಿಲ್ಲ, ಉಜ್ಜಿದ ಹಾಗಿತ್ತು. ಆ ವ್ಯತ್ಯಾಸ ನನ್ನ ಕಣ್ಣಿಗೆ ಬಿತ್ತು, ತಲೆಗೆ ಹೋಗಲಿಲ್ಲ. ನಾಯಿಯ ಉಗುರೋ ಏಡಿಯೋ ಎಂದು ಬಿಟ್ಟುಬಿಟ್ಟೆ. ಅದಕ್ಕೆ ಕಾರಣವಿದೆ. ಹುಡುಕಲು ಅಡ್ಡವಾಗುತ್ತದೆಂದು ಹಿಂದಿನ ದಿನವೇ ಪಂಪಿನ ಹೀರು ಪೈಪನ್ನು ಮೇಲೆಳೆದು ದಡಕ್ಕೆ ಹಾಕಿದ್ದೆ. ಆ ಪೈಪು ಸೀಳಿನ ಮೇಲೆಯೇ ಮಲಗಿತ್ತು ಎಂಬುದು ಆಗ ನೆನಪಿಗೆ ಬರಲಿಲ್ಲ. ಏನನ್ನಾದರೂ ಕದಲಿಸುವ ಮೊದಲು ಮೊಬೈಲಿನಲ್ಲಿ ನಾಲ್ಕು ಚಿತ್ರ ತೆಗೆದಿಟ್ಟುಕೊಳ್ಳಿ. ನಾನು ಸಾಕ್ಷಿಯನ್ನು ನನ್ನ ಕೈಯಾರೆ ಅಳಿಸಿದ್ದೆ.

ತೂತಿನ ರೂಪವೇ ಮುಕ್ಕಾಲು ಕಥೆ ಹೇಳುತ್ತದೆ. ಇಲಿ ಕಡಿದರೆ ಅಂಚು ಗರಗಸದಂತೆ ಹಲ್ಲು ಹಲ್ಲಾಗಿರುತ್ತದೆ, ಹೆಚ್ಚಾಗಿ ಮಡಿಕೆಗಳಲ್ಲಿ. ನಾಯಿ, ಮೇಕೆ ಜಾರಿ ಬಿದ್ದು ಹತ್ತಲು ಪರದಾಡಿದ್ದರೆ ಮೇಲಿಂದ ಕೆಳಕ್ಕೆ ಸಮಾನಾಂತರ ಗೀರುಗಳು. ಅಡಿಯಲ್ಲಿ ಕಲ್ಲಿದ್ದರೆ ತೂತು ಅಡಿಯಿಂದ ಮೇಲಕ್ಕೆ ಉಬ್ಬಿ ನಕ್ಷತ್ರದಂತೆ ಒಡೆದಿರುತ್ತದೆ. ಇದು ತೋಡುವಾಗಿನ ಪಾಪ. ಜೆಸಿಬಿಯ ಬಕೆಟ್ಟಿನ ಹಲ್ಲು ಇಳಿಜಾರಿನಲ್ಲಿ ಉಳುಮೆಯ ಸಾಲಿನಂತಹ ಗೆರೆಗಳನ್ನು, ಚೂಪು ಗರಸನ್ನು ಬಿಟ್ಟುಹೋಗುತ್ತದೆ. ಹಾಳೆ ಹಾಸುವ ಮೊದಲು ಸಲಿಕೆಯಲ್ಲಿ ಕೆತ್ತಿ, ಬೇರುಗಳನ್ನು ಕಿತ್ತು, ಜರಡಿ ಹಿಡಿದ ಮಣ್ಣನ್ನು ಮೂರು ಬೆರಳು ದಪ್ಪ ಬಡಿದು ಹಚ್ಚಬೇಕು. ಮೇಲಿನ ಎರಡು ಮೂರು ಅಡಿಯಲ್ಲಿ ಅಲ್ಲಲ್ಲಿ ಬಿರುಕು ಬಿಟ್ಟಿದ್ದರೆ ಅದು ಬಿಸಿಲಿನ ಕೆಲಸ. ಒಂದು ಮೂಲೆಯನ್ನು ಮಡಿಸಿ ಒತ್ತಿದಾಗ ಬೆಳ್ಳಗೆ ಗೆರೆ ಬಿದ್ದು ಸೀಳಿದರೆ ಆ ಭಾಗಕ್ಕೆ ತೇಪೆ ಹಾಕಿ ಫಲವಿಲ್ಲ, ಹಾಳೆಯ ಆಯುಸ್ಸು ಮುಗಿದಿದೆ.

ನೀರಿನೊಳಗಿನ ತೂತಿನ ಅನುಮಾನವಿದ್ದರೆ ಗಾಳಿ ಇಲ್ಲದ ಬೆಳಗಿನ ಜಾವ, ನೀರು ಅಲ್ಲಾಡದಿರುವಾಗ, ಆ ಜಾಗದ ಹತ್ತಿರ ಉದ್ದ ನಳಿಗೆಯಿಂದ ಸ್ವಲ್ಪ ಮಜ್ಜಿಗೆ ಬಿಡಿ. ಸುಮ್ಮನೆ ಹರಡಿದರೆ ಅಲ್ಲೇನೂ ಇಲ್ಲ. ಬಿಳಿಯ ಎಳೆ ಒಂದೇ ಕಡೆಗೆ ಎಳೆದುಕೊಂಡು ಹೋದರೆ ಅದರ ಕೊನೆಯಲ್ಲಿ ತೂತಿದೆ.

ತೇಪೆ

ಪಾಲಿಥೀನಿಗೆ ಅಂಗಡಿಯ ಯಾವ ಸಾಮಾನ್ಯ ಅಂಟೂ ಕಚ್ಚುವುದಿಲ್ಲ. ಸೈಕಲ್ ಪಂಕ್ಚರ್ ಸೊಲ್ಯೂಷನ್, ಪಿವಿಸಿ ಪೈಪಿನ ಅಂಟು, ಎರಡು ಬಗೆಯ ಹಿಟ್ಟು ಕಲಸಿ ಮೆತ್ತುವ ಮುದ್ದೆ, ಎಲ್ಲವನ್ನೂ ನೋಡಿದ್ದಾಯಿತು. ಒಣಗಿದ ಮೇಲೆ ಉಗುರಿಗೆ ಸಿಪ್ಪೆಯಂತೆ ಏಳುತ್ತವೆ. ಬಿಸಿಗಾಳಿಯ ಬೆಸುಗೆಯೇ ಸರಿಯಾದ ದಾರಿ. ಹಾಳೆ ಹಾಸಲು ಬರುವವರ ಬಳಿ ಯಂತ್ರ ಇರುತ್ತದೆ.

ಬೆಸುಗೆಗಿಂತ ಮುಖ್ಯವಾದದ್ದು ಅದರ ಹಿಂದಿನ ಕೆಲಸ. ಸೀಳಿನೊಳಗೆ ಕೈ ಹಾಕಿ ನೋಡಿದಾಗ ಹಾಳೆಯ ಹಿಂದೆ ತೆಂಗಿನಕಾಯಿ ಹಿಡಿಸುವಷ್ಟು ಪೊಳ್ಳು. ತಿಂಗಳುಗಟ್ಟಲೆ ಹರಿದ ನೀರು ಮಣ್ಣನ್ನು ತಿಂದುಹಾಕಿತ್ತು. ಹಾಗೆಯೇ ಮೇಲೆ ತೇಪೆ ಹಾಕಿದರೆ ನೀರಿನ ಭಾರಕ್ಕೆ ಹಾಳೆ ಆ ಪೊಳ್ಳಿಗೆ ಜೋತುಬಿದ್ದು ತೇಪೆಯ ಅಂಚಿನಲ್ಲಿಯೇ ಮತ್ತೆ ಹರಿಯುತ್ತದೆ. ಜರಡಿ ಹಿಡಿದ ಮಣ್ಣನ್ನು ಸ್ವಲ್ಪ ಸ್ವಲ್ಪ ತೇವ ಮಾಡಿ, ಮರದ ತುಂಡಿನಿಂದ ಬಡಿದು ತುಂಬಿದ ಮೇಲೆಯೇ ಮುಂದಿನದು. ತೇಪೆಯ ತುಂಡು ಎಲ್ಲ ಕಡೆ ತೂತಿಗಿಂತ ಒಂದು ಗೇಣು ದೊಡ್ಡದಿರಲಿ, ಮೂಲೆಗಳನ್ನು ದುಂಡಗೆ ಕತ್ತರಿಸಿ. ಚೌಕ ಮೂಲೆ ಮೊದಲು ಎದ್ದುಬರುತ್ತದೆ. ಎರಡೂ ಮೈಯನ್ನು ಒರೆಸಿ ಪೂರ್ತಿ ಒಣಗಿಸಿ. ಮೊದಲು ಹಳೆಯ ತುಂಡಿನ ಮೇಲೆ ಬೆಸೆದು, ಆರಿದ ಮೇಲೆ ಎಳೆದು ನೋಡಿ. ಹಾಳೆ ಹರಿದರೂ ಬೆಸುಗೆ ಬಿಡದಿದ್ದರೆ ಶಾಖ ಸರಿಯಾಗಿದೆ.

ಹಾಳೆ ಬಲೂನಿನಂತೆ ಅಲ್ಲಲ್ಲಿ ಉಬ್ಬಿದ್ದರೆ ಚುಚ್ಚಬೇಡಿ. ಅಂಚನ್ನು ಹೂಳಿದ ಕಾಲುವೆ ಒಡೆದು ಮಳೆನೀರು ಹಾಳೆಯ ಅಡಿಗೆ ಹೋಗಿರುತ್ತದೆ, ಇಲ್ಲವೇ ಅಡಿಯಲ್ಲಿ ಬಿಟ್ಟ ಬೇರು, ಕಸ ಕೊಳೆತು ಗಾಳಿ ತುಂಬಿರುತ್ತದೆ. ಅಂಚಿನ ಕಾಲುವೆಯನ್ನು ಸರಿಪಡಿಸಿ, ಹೊಂಡದಲ್ಲಿ ಯಾವಾಗಲೂ ಒಂದೆರಡು ಅಡಿ ನೀರು ಉಳಿಸಿ. ಆ ಭಾರವೇ ಹಾಳೆಯನ್ನು ಹಿಡಿದಿಡುತ್ತದೆ.

ಎರೆ ಭೂಮಿಯವರಿಗೆ ಒಂದು ಮಾತು. ಎರೆ ಮಣ್ಣು ನೆನೆದರೆ ಉಬ್ಬಿ ತಾನೇ ಮುಚ್ಚಿಕೊಳ್ಳುತ್ತದೆ, ಒಣಗಿದರೆ ಬಾಯಿ ಬಿಡುತ್ತದೆ. ಹಾಳೆ ಇಲ್ಲದ ಎರೆ ಹೊಂಡ ಮೊದಲ ಮಳೆಯ ನೀರನ್ನು ಕುಡಿದುಬಿಟ್ಟರೆ ಗಾಬರಿಯಾಗಬೇಡಿ, ಬಿರುಕು ಕೂಡಿದ ಮೇಲೆ ನಿಲ್ಲುತ್ತದೆ. ಎರಡನೆಯ ಮಳೆಗೂ ನಿಲ್ಲದಿದ್ದರೆ ಆಗ ಬಕೆಟ್ಟು ತನ್ನಿ. ಕೆಂಪು ಮಣ್ಣಿನಲ್ಲಿ ಹಾಳೆಗೆ ಹಣವಿಲ್ಲದವರು ಕೆರೆಯ ಗೋಡು ಮಣ್ಣನ್ನು ಒಂದಡಿ ಹಾಕಿ, ಒದ್ದೆ ಮಾಡಿ, ದನಗಳನ್ನು ಓಡಾಡಿಸಿ ತುಳಿಸಿದರೆ ಸೋರಿಕೆ ಬಹಳ ಕಡಿಮೆಯಾಗುತ್ತದೆ, ಪೂರ್ತಿ ನಿಲ್ಲುವುದಿಲ್ಲ.

ಸೋರುತ್ತಿಲ್ಲ, ತುಂಬುವುದೇ ಇಲ್ಲ

ಪಕ್ಕದ ಹಿರಿಯರ ಹೊಂಡದ ಕಥೆ ಇದು. ಮೂರು ವರ್ಷ ಅದು ಮೊಣಕಾಲಿನ ಮೇಲೆ ತುಂಬಲಿಲ್ಲ. ಹಾಳೆ ತೂತು ಎಂದು ಅವರು, ಮಳೆ ಕಡಿಮೆ ಎಂದು ಅವರ ಮಗ.

ಮಳೆಯ ಲೆಕ್ಕ ಹಾಕಿದೆವು. ಒಂದು ಎಕರೆ ಎಂದರೆ 4,047 ಚದರ ಮೀಟರ್. ಅದರ ಮೇಲೆ 25 ಮಿಲಿಮೀಟರ್ ಮಳೆ ಬಿದ್ದರೆ ಸುಮಾರು 1 ಲಕ್ಷ ಲೀಟರ್. ಅದರಲ್ಲಿ ಹೆಚ್ಚಿನ ಪಾಲು ಭೂಮಿಗೆ ಇಳಿಯುತ್ತದೆ. ಕಾಲುಭಾಗ ಹರಿದು ಬಂದರೂ 25 ಸಾವಿರ ಲೀಟರ್. ಅವರ ಹೊಂಡಕ್ಕೆ ಮೇಲಿನಿಂದ ಮೂರು ಎಕರೆಯ ನೀರು ಬರಬೇಕಿತ್ತು. ಉತ್ತರೆ, ಹಸ್ತ, ಚಿತ್ತೆಯಲ್ಲಿ ಅಂತಹ ನಾಲ್ಕು ಮಳೆಯಾದರೆ 3 ಲಕ್ಷ ಲೀಟರ್. ಅವರದು 12 ಮೀಟರಿನ ಚೌಕ, 2.52 ಲಕ್ಷ ಲೀಟರಿನ ಹೊಂಡ. ತುಂಬಲೇಬೇಕು.

ಮಳೆ ಬರುವಾಗ ಗೊಬ್ಬರದ ಚೀಲವನ್ನು ಕೊಪ್ಪೆ ಮಾಡಿ ತಲೆಗೆ ಹಾಕಿಕೊಂಡು ಹೊಲದಲ್ಲಿ ನಿಂತು ನೋಡಿದೆವು. ಈ ಒಂದು ಪರೀಕ್ಷೆಗೆ ಬದಲಿ ಯಾವುದೂ ಇಲ್ಲ. ನೀರು ಹೊಂಡದತ್ತ ಬಂದು, ಇಪ್ಪತ್ತು ಅಡಿ ದೂರದಲ್ಲಿ ತಿರುಗಿ, ಪಕ್ಕದ ದಾರಿಗೆ ಇಳಿದು ಹೋಗುತ್ತಿತ್ತು. ತೋಡಿದ ಮಣ್ಣನ್ನೆಲ್ಲ ಜೆಸಿಬಿ ಮೇಲ್ಭಾಗದಲ್ಲಿಯೇ ಸುರಿದಿತ್ತು. ಮೂರು ವರ್ಷದಲ್ಲಿ ಅದರ ಮೇಲೆ ಹುಲ್ಲು ಬೆಳೆದು ಹುಟ್ಟಿನಿಂದಲೇ ಅಲ್ಲಿದ್ದ ಬದುವಿನಂತೆ ಕಾಣುತ್ತಿತ್ತು. ಹೊಂಡವನ್ನು ಕಾಯಲು ಹೊಂಡದ ಮಣ್ಣೇ ಅಡ್ಡ ನಿಂತಿತ್ತು. ತೆಗೆದ ಮಣ್ಣು ಯಾವಾಗಲೂ ಕೆಳಭಾಗದ ಏರಿಗೆ ಹೋಗಬೇಕು.

ಮಣ್ಣನ್ನು ಕಡಿದ ಮೇಲೂ ಅರ್ಧವೇ ತುಂಬಿತು. ಗಾರೆ ಕೆಲಸದವರು ಮಟ್ಟ ನೋಡಲು ಬಳಸುವ ತಿಳಿ ಪ್ಲಾಸ್ಟಿಕ್ ಪೈಪಿನಲ್ಲಿ ನೀರು ತುಂಬಿ ಹಿಡಿದು ನೋಡಿದರೆ ನೀರು ಒಳಬರುವ ಬಾಯಿಗಿಂತ ಕೋಡಿ ಒಂದೂವರೆ ಅಡಿ ಕೆಳಗಿತ್ತು, ಏರಿಯೂ ಒಂದು ಮೂಲೆಯಲ್ಲಿ ಕುಸಿದಿತ್ತು. ಕೋಡಿ ಬಾಯಿಗಿಂತ ಒಂದು ಗೇಣು ಕೆಳಗಿದ್ದರೆ ಸಾಕು, ಏರಿ ಕೋಡಿಗಿಂತ ಒಂದೂವರೆ ಅಡಿ ಮೇಲಿರಲಿ. ಬಾಯಿಯ ಮುಂದಿನ ಹೂಳು ಗುಂಡಿಯನ್ನು ರೋಹಿಣಿ ಮಳೆಗೆ ಮುಂಚೆ ಒಮ್ಮೆ, ಉತ್ತರೆಗೆ ಮುಂಚೆ ಇನ್ನೊಮ್ಮೆ ತೆಗೆಯಿರಿ. ಹೂಳನ್ನು ಗುಂಡಿಯಿಂದ ಎತ್ತಲು ಅರ್ಧ ದಿನದ ಕೂಲಿ. ಹೊಂಡದೊಳಗೆ ಸೇರಿಕೊಂಡರೆ ಹಾಳೆಯ ಮೇಲೆ ಸಲಿಕೆ ಹಾಕುವ ಹಾಗಿಲ್ಲ.

ಎಂಜಿನ್ ಓಡುತ್ತದೆ, ನೀರು ಬರುವುದಿಲ್ಲ

ತೇಪೆ ಹಾಕಿದ ವರ್ಷದ ಬೇಸಿಗೆಯಲ್ಲಿ ನನ್ನ ಪಂಪು ರಗಳೆ ತೆಗೆಯಿತು. ಹತ್ತು ನಿಮಿಷ ಚೆನ್ನಾಗಿ ಸುರಿದು, ಆಮೇಲೆ ಉಗುಳಿ ಉಗುಳಿ, ನಿಂತುಬಿಡುವುದು.

ಮೊದಲು ಎಂಜಿನ್ ನಿಲ್ಲಿಸಿ, ಪಂಪಿನ ಬಾಯಿಯಲ್ಲಿ ನೀರು ತುಂಬಿಸಿ ಕಾಯಿರಿ. ತುಂಬಿದ ನೀರು ಐದು ನಿಮಿಷದಲ್ಲಿ ಇಳಿದುಹೋದರೆ ಹೀರು ಪೈಪಿನ ತುದಿಯಲ್ಲಿ ನೀರು ಹಿಂದಕ್ಕೆ ಹೋಗದಂತೆ ತಡೆಯುವ ಫುಟ್‌ವಾಲ್ವ್ ಕಚ್ಚುತ್ತಿಲ್ಲ. ಹತ್ತರಲ್ಲಿ ಎಂಟು ಸಲ ಅದರ ತೊಗಲಿನ ನಡುವೆ ಎಲೆಯೋ ಗರಸಿನ ಕಾಳೋ ಸಿಕ್ಕಿರುತ್ತದೆ. ತೊಗಲು ಒಣಗಿ ಸೆಟೆದಿದ್ದರೆ ಬದಲಾಯಿಸಿ. ಫುಟ್‌ವಾಲ್ವನ್ನು ಹೊಂಡದ ತಳಕ್ಕೆ ಬಿಡಬೇಡಿ. ಗಾಳಿ ತುಂಬಿದ ಟ್ಯೂಬಿಗೋ ಖಾಲಿ ಕ್ಯಾನಿಗೋ ಕಟ್ಟಿ, ನೀರಿನ ಮೇಲ್ಮೈಯಿಂದ ಎರಡು ಅಡಿ ಕೆಳಗೆ ತೇಲುವಂತೆ ಮಾಡಿ. ಅದಕ್ಕಿಂತ ಮೇಲಿದ್ದರೆ ಸುಳಿ ಎದ್ದು ಗಾಳಿ ಎಳೆಯುತ್ತದೆ, ತೀರ ಕೆಳಗಿದ್ದರೆ ಕೆಸರು.

ನೀರು ಇಳಿಯದೆ ನಿಂತು, ಎಂಜಿನ್ ಹಚ್ಚಿದಾಗ ಮಾತ್ರ ತಪ್ಪಿದರೆ ಪಂಪು ಎಲ್ಲಿಂದಲೋ ಗಾಳಿ ಕುಡಿಯುತ್ತಿದೆ. ಹೀರು ಪೈಪಿನ ಗಾಳಿ ಸೋರಿಕೆ ಕಣ್ಣಿಗೆ ಕಾಣುವುದಿಲ್ಲ, ಏಕೆಂದರೆ ನೀರು ಹೊರಗೆ ಬರುವುದಿಲ್ಲ, ಗಾಳಿ ಒಳಗೆ ಹೋಗುತ್ತದೆ. ಜೇಡಿಮಣ್ಣನ್ನು ಕಣಕದ ಹಾಗೆ ನಾದಿ, ಪಂಪಿನ ಕಡೆಯಿಂದ ಆರಂಭಿಸಿ ಒಂದೊಂದೇ ಜೋಡಣೆಗೆ ಮೆತ್ತುತ್ತ ಹೋಗಿ. ಯಾವುದಕ್ಕೆ ಮೆತ್ತಿದಾಗ ನೀರು ಒಂದೇ ಸಮನೆ ಬರುತ್ತದೆಯೋ ಅದೇ ಕಳ್ಳ. ಎಲ್ಲಕ್ಕೂ ಒಟ್ಟಿಗೆ ಮೆತ್ತಿದರೆ ನೀರು ಬರುತ್ತದೆ, ತಿಳಿವಳಿಕೆ ಬರುವುದಿಲ್ಲ.

ಪಂಪಿನ ಶಾಫ್ಟ್ ಹೊರಬರುವ ಕಡೆ ದಾರ ಸುತ್ತಿ ಬಿಗಿದಿರುವ ಗ್ಲ್ಯಾಂಡಿನಲ್ಲಿ ಹನಿ ತೊಟ್ಟಿಕ್ಕುವುದು ದೋಷವಲ್ಲ. ಓಡುವಾಗ ಎಣಿಸಬಹುದಾದಷ್ಟು ನಿಧಾನವಾಗಿ ಹನಿಯುತ್ತಿದ್ದರೆ ದಾರ ತಂಪಾಗಿರುತ್ತದೆ. ಒಂದು ಹನಿಯೂ ಬೀಳಬಾರದೆಂದು ನಟ್ಟು ಬಿಗಿದವರು ಶಾಫ್ಟ್ ಸವೆಸಿಕೊಂಡು ಲೇತ್ ಅಂಗಡಿಗೆ ಹೋಗುತ್ತಾರೆ.

ಎಲ್ಲ ಸರಿಯಿದ್ದೂ ಬೇಸಿಗೆಯಲ್ಲಿ ಮಾತ್ರ ನೀರು ಎತ್ತದಿದ್ದರೆ ಎತ್ತರ ಅಳೆಯಿರಿ. ಪಂಪು ನೀರನ್ನು ಎಳೆಯುವುದಿಲ್ಲ, ಹೊರಗಿನ ಗಾಳಿಯ ಒತ್ತಡ ನೀರನ್ನು ಮೇಲಕ್ಕೆ ತಳ್ಳುತ್ತದೆ. ಸಮುದ್ರ ಮಟ್ಟದಲ್ಲಿಯೇ ಅದರ ಮಿತಿ 10.3 ಮೀಟರ್. ನಮ್ಮ ಬಯಲುಸೀಮೆ 600ರಿಂದ 900 ಮೀಟರ್ ಎತ್ತರದಲ್ಲಿದೆ, ಅದರಲ್ಲಿಯೇ ಮುಕ್ಕಾಲರಿಂದ ಒಂದು ಮೀಟರ್ ಕಡಿತ. ಪೈಪಿನ ಘರ್ಷಣೆ ಕಳೆದು ಆರು ಮೀಟರ್ ಸಿಕ್ಕರೆ ನೆಮ್ಮದಿ. ಮೂರು ಮೀಟರಿನ ಹೊಂಡಕ್ಕೆ ಇದು ಸಾಕು. ದಡದಿಂದ ದೂರ, ಏರಿಯ ನೆತ್ತಿಯ ಮೇಲೆ ಪಂಪು ಕೂರಿಸಿದವರಿಗೆ ಸಾಲದು.

ನನ್ನ ಪಂಪಿಗೆ ಮಣ್ಣು ಮೆತ್ತುತ್ತ ಹೋದಾಗ ಕಳ್ಳ ಸಿಕ್ಕಿದ್ದು ಇಳಿಜಾರಿನ ಮೇಲೆ, ಎರಡು ಪೈಪು ಕೂಡುವ ಫ್ಲಾಂಜಿನಲ್ಲಿ. ಬೋಲ್ಟು ಸಡಿಲವಾಗಿದ್ದವು. ಬಿಗಿದೆ, ನೀರು ಬಂತು, ಮರೆತೆ. ಎರಡು ವಾರಕ್ಕೆ ಮತ್ತೆ ಸಡಿಲ. ಮತ್ತೆ ಬಿಗಿದೆ.

ಎಂಜಿನ್ ನಿಲ್ಲುವ ಬಗೆ

ಇಲ್ಲಿ ಚುಟುಕಾಗಿ ಹೇಳುತ್ತೇನೆ. ಹಚ್ಚಿದ ಇಪ್ಪತ್ತು ನಿಮಿಷಕ್ಕೆ ತಾನಾಗಿ ನಿಂತು, ಸ್ವಲ್ಪ ಹೊತ್ತು ಬಿಟ್ಟರೆ ಮತ್ತೆ ಓಡುವ ಎಂಜಿನ್ನಿನ ಡೀಸೆಲ್ ಟ್ಯಾಂಕಿನ ಮುಚ್ಚಳ ತೆಗೆದು ಓಡಿಸಿ ನೋಡಿ. ನಿಲ್ಲದಿದ್ದರೆ ಮುಚ್ಚಳದ ಗಾಳಿ ತೂತು ಧೂಳಿನಿಂದ ಕಟ್ಟಿದೆ. ಸೂಜಿಯಲ್ಲಿ ಬಿಡಿಸಿದರೆ ಮುಗಿಯಿತು. ಈ ತೂತಿಗಾಗಿ ಎಂಜಿನ್ನಿನೊಳಕ್ಕೆ ಡೀಸೆಲ್ ಚಿಮ್ಮಿಸುವ ಇಂಜೆಕ್ಟರ್ ಬಿಚ್ಚಿಸಿದವರಿದ್ದಾರೆ. ಟ್ಯಾಂಕು ಪೂರ್ತಿ ಖಾಲಿಯಾಗಿ ನಿಂತಿದ್ದರೆ ಕೊಳವೆಯಲ್ಲಿ ಗಾಳಿ ಸೇರಿರುತ್ತದೆ. ಫಿಲ್ಟರಿನ ಗಾಳಿ ತಿರುಪನ್ನು ಸಡಿಲಿಸಿ, ಗುಳ್ಳೆ ನಿಂತು ಡೀಸೆಲ್ ಸಲೀಸಾಗಿ ಹರಿಯುವವರೆಗೆ ಬಿಟ್ಟು, ಬಿಗಿಯಿರಿ. ಇಂಜೆಕ್ಟರಿನ ತುದಿಯಿಂದ ಸಿಡಿಯುವ ಡೀಸೆಲಿಗೆ ಮಾತ್ರ ಕೈ ಒಡ್ಡಬೇಡಿ, ಅದು ಚರ್ಮ ತೂರಿ ಒಳಗೆ ಹೋಗುತ್ತದೆ. ಕಪ್ಪು ಹೊಗೆಯಾದರೆ ಏರ್ ಫಿಲ್ಟರ್ ಕಟ್ಟಿದೆ ಅಥವಾ ಭಾರ ಹೆಚ್ಚಾಗಿದೆ. ನೀಲಿ ಹೊಗೆಯಾದರೆ ಎಂಜಿನ್ ಆಯಿಲ್ ಉರಿಯುತ್ತಿದೆ. ಬಿಸಿಯಾದ ಮೇಲೂ ಬಿಳಿ ಹೊಗೆ ನಿಲ್ಲದಿದ್ದರೆ ಡೀಸೆಲ್ ಸರಿಯಾಗಿ ಉರಿಯುತ್ತಿಲ್ಲ, ಮೆಕ್ಯಾನಿಕ್‌ನನ್ನು ಕರೆಸಿ. ನೀರು ಮೇಲೇರುತ್ತಿಲ್ಲವೆಂದು ಎಂಜಿನ್ನನ್ನು ಬಾವಿಯೊಳಗೋ ಗುಂಡಿಯೊಳಗೋ ಇಳಿಸಿ ಓಡಿಸುವುದು ಬೇಡವೇ ಬೇಡ. ಹೊಗೆಯ ವಿಷ ಅಲ್ಲಿಯೇ ತುಂಬಿ, ಇಳಿದವರು ಮೇಲೆ ಬರುವುದಿಲ್ಲ.

ಮರುವರ್ಷ

ಮರುವರ್ಷ ಹಸ್ತ ಮಳೆಗೇ ಹೊಂಡ ತುಂಬಿತು. ಕೋಲು ಮತ್ತೆ ಇಳಿಯತೊಡಗಿತು, ಮತ್ತೆ ಅದೇ 4 ಅಡಿಗೆ ನಿಂತಿತು. ಬೆಸುಗೆ ಬಿಟ್ಟಿದೆ ಎಂದು ಹಾಳೆಯವರನ್ನು ಬೈದುಕೊಳ್ಳುತ್ತ ಇಳಿದೆ. ಈ ಸಲ ಪೈಪನ್ನು ಎಳೆದಿರಲಿಲ್ಲ. ತೇಪೆಯ ಬೆಸುಗೆ ಎಲ್ಲ ಸುತ್ತಲೂ ಗಟ್ಟಿಯಾಗಿತ್ತು. ತೂತು ತೇಪೆಯ ಮಧ್ಯದಲ್ಲಿತ್ತು. ಅದರ ಮೇಲೆ ಕುಳಿತಿತ್ತು ಫ್ಲಾಂಜಿನ ಕೆಳಗಿನ ಬೋಲ್ಟಿನ ತುದಿ, ಉಜ್ಜಿ ಉಜ್ಜಿ ಕನ್ನಡಿಯಂತೆ ಹೊಳೆಯುತ್ತ.

ಆಗ ತಲೆಗೆ ಹೋಯಿತು. ಸಡಿಲವಾಗುತ್ತಿದ್ದ ಬೋಲ್ಟು, ಗಾಳಿ ಕುಡಿಯುತ್ತಿದ್ದ ಪಂಪು, ಸವೆದ ಅಂಚಿನ ತೂತು, ಮೂರೂ ಒಂದೇ ಕಾಯಿಲೆ. ಹೊಂಡ ಬೇರೆ, ಪಂಪು ಬೇರೆ ಎಂದುಕೊಂಡು ನಾನು ಒಂದಕ್ಕೆ ತೇಪೆ ಹಾಕುತ್ತಿದ್ದೆ, ಇನ್ನೊಂದಕ್ಕೆ ಸ್ಪ್ಯಾನರ್ ಹಾಕುತ್ತಿದ್ದೆ. ಎಂಜಿನ್ ಹಚ್ಚಿ ಪೈಪಿನ ಮೇಲೆ ಅಂಗೈ ಇಟ್ಟೆ. ನಡುಕ ಮೊಣಕೈವರೆಗೆ ಏರಿತು.

ನಡುಕದ ಮೂಲವನ್ನು ಹಿಂದಕ್ಕೆ ಹುಡುಕುತ್ತ ಹೋದೆ. ಕಟ್ಟೆಯ ನಾಲ್ಕು ಬೋಲ್ಟುಗಳಲ್ಲಿ ಒಂದರ ನಟ್ಟು ಕೈಯಲ್ಲಿಯೇ ತಿರುಗಿತು. ಎಂಜಿನ್ ನಿಲ್ಲಿಸಿ, ಎಂಜಿನ್ನನ್ನೂ ಪಂಪನ್ನೂ ಕೂಡಿಸುವ ಕಪ್ಲಿಂಗಿನ ಎರಡು ಬಿಲ್ಲೆಗಳ ಮೇಲೆ ಉಕ್ಕಿನ ಅಳತೆಪಟ್ಟಿಯನ್ನು ಅಡ್ಡ ಇಟ್ಟು ನೋಡಿದರೆ ಒಂದು ಬದಿಯಲ್ಲಿ ಬೆಳಕು ತೂರುತ್ತಿತ್ತು. ಮೇಲೆ, ಕೆಳಗೆ, ಎಡಕ್ಕೆ, ಬಲಕ್ಕೆ, ನಾಲ್ಕೂ ಕಡೆ ಪಟ್ಟಿ ಸಮವಾಗಿ ಕೂರಬೇಕು. ಕಪ್ಲಿಂಗಿನ ರಬ್ಬರ್ ಬುಷ್‌ಗಳು ಹುಣಸೆ ಬೀಜದಷ್ಟಾಗಿ ಸವೆದಿದ್ದವು. ಹೊಸ ಬುಷ್ ಹಾಕಿ, ಪಂಪಿನ ಕಾಲಿನಡಿ ತಗಡಿನ ಬಿಲ್ಲೆ ಕೊಟ್ಟು ಮಟ್ಟ ಸರಿಮಾಡಿ, ನಟ್ಟಿನ ಮೇಲೆ ಇನ್ನೊಂದು ನಟ್ಟು ಬಿಗಿದೆ. ದಡದಲ್ಲಿ, ಪಂಪಿನ ಹತ್ತಿರ, ಒಂದೂವರೆ ಅಡಿ ಮೆದು ರಬ್ಬರ್ ಹೀರು ಕೊಳವೆ ಸೇರಿಸಿದೆ. ಉಳಿದ ನಡುಕ ಅಲ್ಲಿಯೇ ಸಾಯುತ್ತದೆ. ಇಳಿಜಾರಿನ ಮೇಲೆ ಯಾವ ಫ್ಲಾಂಜೂ ಬರದಂತೆ ಪೈಪನ್ನು ಬದಲಾಯಿಸಿ, ಅದರ ಅಡಿಗೆ ಹಳೆಯ ಲಾರಿ ಟೈರಿನ ಪಟ್ಟಿ ಹಾಸಿದೆ. ಟೈರಿನ ತಂತಿಯ ತುದಿ ಹೊರಗೆ ಬಂದಿದ್ದರೆ ಕತ್ತರಿಸಿ ಹಾಕಿ, ಇಲ್ಲದಿದ್ದರೆ ಅದೇ ಮುಂದಿನ ತೂತು.

ತೇಪೆಯ ಮೇಲೊಂದು ತೇಪೆ ಬಿತ್ತು. ಈಗ ಪ್ರತಿ ಅಮಾವಾಸ್ಯೆಗೆ, ಎಂಜಿನ್ ತಣ್ಣಗಿರುವಾಗ, ಕಟ್ಟೆಯ ನಾಲ್ಕು ನಟ್ಟಿಗೂ ಸ್ಪ್ಯಾನರ್ ಹಾಕಿ ನೋಡುತ್ತೇನೆ. ಪೈಪಿನ ಮೇಲೆ ಅಂಗೈ ಇಡುತ್ತೇನೆ. ಕೋಲು ಇನ್ನೂ ಹೊಂಡದಲ್ಲಿಯೇ ಇದೆ. ಕಳೆದ ಸ್ವಾತಿ ಮಳೆಯ ಮೇಲೆ ಬಕೆಟ್ಟಿನಲ್ಲಿ 4 ಮಿಲಿಮೀಟರ್, ಹೊಂಡದಲ್ಲಿಯೂ 4.